ಅತಿಮಾನವನನ್ನು ಮತ್ತೆ ನೋಡಿದಾಗ

ಕಳೆದ ತಿಂಗಳು ಒಂದು ಸಂಜೆ ಮಿತ್ರರೊಬ್ಬರು ಹೇಳದೆ ಕೇಳದೆ ಮನೆಗೆ ಬಂದರು. ಆಗ ನಾನು ತಂಗಿಯ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂಪರ್‌ಮ್ಯಾನ್ ಕಾರ್ಟೂನು ನೋಡುತ್ತಿದ್ದೆ. ಹುಡುಗನಿಗೆ ಎಂಟು ವರ್ಷ. ನನಗೆ ಐವತ್ತು ತುಂಬಿದೆ. ಮಿತ್ರರು ಬಾಗಿಲಲ್ಲಿಯೇ ನಿಂತು, "ಏನ್ರೀ, ಹುಡುಗನಿಗೆ ನೀವು ಜೊತೆಯೋ, ನಿಮಗೆ ಹುಡುಗ ಜೊತೆಯೋ?" ಎಂದರು. ನಾನು ಹುಡುಗನ ಮೇಲೆ ಹಾಕಿ ಪಾರಾದೆ. ಅದು ಸುಳ್ಳು. ಆ ಚಿತ್ರಗಳನ್ನು ಹುಡುಕಿ ಹಾಕಿದವನು ನಾನು. ಹುಡುಗ ಆಮೇಲೆ ಬಂದು ಸೇರಿಕೊಂಡವನು. ಮಿತ್ರರು ಕಾಫಿ ಕುಡಿದು ಹೊರಟುಹೋದರು, ಅವರ ಪ್ರಶ್ನೆ ಮಾತ್ರ ಹೋಗಲಿಲ್ಲ. ಬಾಲ್ಯದಲ್ಲಿ ಬಾಯಿಬಿಟ್ಟುಕೊಂಡು ನೋಡಿದ ಈ ಚಿತ್ರಗಳು ಬೆಳೆದವನ ಕಣ್ಣಿನ ಮುಂದೆ ನಿಲ್ಲುತ್ತವೆಯೆ? ನಿಂತರೆ, ಅವುಗಳಲ್ಲಿ ನಿಲ್ಲುವುದು ಯಾವುದು, ಬೀಳುವುದು ಯಾವುದು?

ಇದಕ್ಕೆ ಸಿದ್ಧವಾದ ಉತ್ತರಗಳು ಎರಡಿವೆ. ಇವು ಮಕ್ಕಳ ಆಟದ ಸಾಮಾನು, ದೊಡ್ಡವರು ಇವುಗಳತ್ತ ಮರಳುವುದು ತಮ್ಮ ಕಳೆದುಹೋದ ಬಾಲ್ಯದ ಆಸೆಗೆ ಎನ್ನುವುದು ಒಂದು. ಹಳೆಯದರಲ್ಲಿ ಇದ್ದ ಕಸುಬು ಈಗೆಲ್ಲಿದೆ, ಇವು ಯಾವ ಕಾಲಕ್ಕೂ ಮಾಸದ ಕಲೆ ಎನ್ನುವುದು ಇನ್ನೊಂದು. ಎರಡನ್ನೂ ಹೇಳುವುದು ಸುಲಭ. ಚಿತ್ರವನ್ನು ನೋಡುವ ಶ್ರಮವಿಲ್ಲದೆಯೇ ಹೇಳಬಹುದು. ನಾನು ನೋಡಿಯೇ ತೀರ್ಮಾನಿಸೋಣವೆಂದು ಕುಳಿತೆ.

ನಾನು ನೋಡಿದ್ದು 1941ರಿಂದ 1943ರವರೆಗೆ ಅಮೆರಿಕದ ಚಿತ್ರಮಂದಿರಗಳಿಗಾಗಿ ತಯಾರಾದ ಹದಿನೇಳು ಕಿರುಚಿತ್ರಗಳನ್ನು. ಒಂದೊಂದೂ ಹತ್ತು ನಿಮಿಷದ ಆಸುಪಾಸಿನದು. ಮೊದಲ ಒಂಬತ್ತನ್ನು ಮಾಡಿದ್ದು ಮ್ಯಾಕ್ಸ್ ಮತ್ತು ಡೇವ್ ಫ್ಲೈಶರ್ ಸೋದರರ ಸಂಸ್ಥೆ. ಮಿಕ್ಕ ಎಂಟು, ಆ ಸಂಸ್ಥೆ ಸೋದರರ ಕೈತಪ್ಪಿ ಫೇಮಸ್ ಸ್ಟುಡಿಯೋಸ್ ಎಂಬ ಹೊಸ ಹೆಸರು ತಾಳಿದ ಮೇಲೆ ಬಂದವು. ಮೊದಲ ಚಿತ್ರಕ್ಕೇ ಸುಮಾರು 50,000 ಡಾಲರ್ ಖರ್ಚಾಯಿತು. ಆ ಕಾಲದ ಕಾರ್ಟೂನಿಗೆ ಅದು ರಾಜವೈಭವ. ಅತಿಮಾನವ ಎಂಬ ಮಾತನ್ನು ನಾವು ನೀಚೆಯ ಪ್ರಸಂಗದಲ್ಲಿಯೋ ಶ್ರೀ ಅರವಿಂದರ ಪ್ರಸಂಗದಲ್ಲಿಯೋ ಗಂಭೀರವಾಗಿ ಬಳಸಿ ಅಭ್ಯಾಸವಾದವರು. ನೀಲಿ ಬಿಗಿಯುಡುಪಿನ ಮೇಲೆ ಕೆಂಪು ಚಡ್ಡಿ ತೊಟ್ಟವನನ್ನು ಆ ಹೆಸರಿನಿಂದ ಕರೆಯಲು ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಮೊದಲ ಚಿತ್ರದ ಮೊದಲ ಸಾಹಸ ಮುಗಿಯುವುದರೊಳಗೆ ನನ್ನ ಸಂಕೋಚ ಕಳೆಯಿತು.

ಆ ಚಿತ್ರದಲ್ಲಿ ಹುಚ್ಚು ವಿಜ್ಞಾನಿಯೊಬ್ಬ ಬೆಟ್ಟದ ತುದಿಯಲ್ಲಿ ಕುಳಿತು ನಗರದ ಮೇಲೆ ವಿನಾಶಕಿರಣವೊಂದನ್ನು ಬಿಡುತ್ತಾನೆ. ಗೋಪುರದಂಥ ಕಟ್ಟಡ ವಾಲುತ್ತದೆ. ಸೂಪರ್‌ಮ್ಯಾನ್ ಅದಕ್ಕೆ ಭುಜಕೊಟ್ಟು ಎತ್ತಿ ನಿಲ್ಲಿಸುತ್ತಾನೆ. ಆಮೇಲೆ ಕಿರಣಕ್ಕೆ ಎದುರಾಗಿ ನಿಂತು, ಬೆಳಕನ್ನೇ ಮುಷ್ಟಿಯಿಂದ ಗುದ್ದಿ ಗುದ್ದಿ, ಒಂದೊಂದೇ ಹೆಜ್ಜೆಯಾಗಿ, ಅದು ಹೊರಟ ಕಡೆಗೇ ಹಿಂದಕ್ಕೆ ತಳ್ಳುತ್ತಾನೆ. ಬೆಳಕನ್ನು ಗುದ್ದುವುದುಂಟೆ ಎಂದು ಕೇಳುವ ಭೌತಶಾಸ್ತ್ರ ನನಗೂ ಅಷ್ಟಿಷ್ಟು ಗೊತ್ತು. ಆದರೆ ಕೇಳಬೇಕೆನ್ನಿಸಲಿಲ್ಲ. ಕಾರಣ, ಅವನ ತೋಳಿಗೆ ಭಾರ ತಗಲುತ್ತಿತ್ತು. ಬರೆದವರು ಅವನನ್ನು ಸುಲಭವಾಗಿ ಗೆಲ್ಲಿಸಿಲ್ಲ. ಅವನು ಬೀಳುತ್ತಾನೆ, ಎದ್ದು ಮತ್ತೆ ತಳ್ಳುತ್ತಾನೆ. ಹತ್ತು ವರ್ಷದವನಾಗಿದ್ದಾಗ ನಾನು ಕಂಡದ್ದು ಗೆಲುವನ್ನು. ಈಗ ಕಂಡದ್ದು ಶ್ರಮವನ್ನು. ಮನೆ, ಸಾಲ, ವಯಸ್ಸಾದ ತಂದೆತಾಯಿ ಎಂದು ಏನೇನಕ್ಕೋ ಭುಜಕೊಟ್ಟು ನಿಂತವನಿಗೆ, ವಾಲಿದ ಕಟ್ಟಡಕ್ಕೆ ಭುಜಕೊಟ್ಟವನು ಅಷ್ಟೇನೂ ಅಪರಿಚಿತನಲ್ಲ. ಶಕ್ತಿಯನ್ನು ಶ್ರಮವಾಗಿ ತೋರಿಸಿದ್ದರಿಂದ ಈ ಅದ್ಭುತದಲ್ಲಿ ಸತ್ಯದ ಅಂಶ ಸೇರಿಕೊಂಡಿದೆ. ಅದು ಎಂಬತ್ತು ವರ್ಷ ಕಳೆದರೂ ಸವೆದಿಲ್ಲ.

ಎರಡನೆಯ ಚಿತ್ರ 'ದಿ ಮೆಕ್ಯಾನಿಕಲ್ ಮಾನ್‌ಸ್ಟರ್ಸ್' 1941ರ ನವೆಂಬರಿನಲ್ಲಿ ಬಂದಿತು. ಅದರಲ್ಲಿ ದೈತ್ಯಯಂತ್ರಗಳು ಬ್ಯಾಂಕಿಗೂ ರತ್ನಪ್ರದರ್ಶನಕ್ಕೂ ನುಗ್ಗಿ, ದೋಚಿದ್ದನ್ನು ಒಡಲಲ್ಲಿ ತುಂಬಿಕೊಂಡು ಹಾರಿಹೋಗುತ್ತವೆ. ಆ ಯಂತ್ರಗಳ ನೆರಳನ್ನು ಜಪಾನಿನ ಹಯಾವೊ ಮಿಯಾಝಾಕಿಯವರ 'ಲಾಪುಟಾ' ಚಿತ್ರದ ಯಂತ್ರಮಾನವರಲ್ಲಿ ನೋಡಬಹುದು, ಅದು 1986ರದು. ಒಬ್ಬ ಮಹಾಕಲಾವಿದ ನಾಲ್ವತ್ತೈದು ವರ್ಷಗಳ ಮೇಲೆ ಇನ್ನೊಂದು ದೇಶದಲ್ಲಿ ಕುಳಿತು ಸ್ಮರಿಸಿದ್ದನ್ನು ಕೇವಲ ಮಕ್ಕಳ ಆಟವೆನ್ನುವುದು ಕಷ್ಟ. ಆ ದೇಶ ಜಪಾನೇ ಆದದ್ದರಲ್ಲಿ ಒಂದು ವಿಪರ್ಯಾಸವುಂಟು. ಅದಕ್ಕೆ ಈಗ ಬರುತ್ತೇನೆ.

ಎಲ್ಲ ಹಳೆಯ ಕಾರ್ಟೂನುಗಳಲ್ಲಿಯೂ ಈ ಕಸುಬು ಇಲ್ಲ. 1967ರಲ್ಲಿ ದೂರದರ್ಶನಕ್ಕಾಗಿ ಆರಂಭವಾದ ಸ್ಪೈಡರ್‌ಮ್ಯಾನ್ ಮಾಲೆಯಲ್ಲಿ ಹಣದ ಬಿಗಿ ಎದ್ದು ಕಾಣುತ್ತದೆ. ಒಂದೇ ಜೋಕಾಲಿಯ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಅವನ ಉಡುಪಿನ ಮೇಲಿನ ಜೇಡರಬಲೆಯ ಗೆರೆಗಳನ್ನು ಸಹ ಮೈಭಾಗದಲ್ಲಿ ಬಿಟ್ಟಿದ್ದಾರೆ, ಬರೆಯುವ ಕೆಲಸ ಉಳಿಯಲೆಂದು. ಬೆಳೆದವನಿಗೆ ಅದು ನಿಲ್ಲಲಾರದು, ನಗು ಬರುತ್ತದೆ. ಆದರೆ ಆ ನಗುವಿನಲ್ಲಿ ಕಹಿಯಿಲ್ಲ. ಕಲೆ ಬಡವಾದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ನಿಜವಾದ ತೊಡಕು ಇರುವುದು ಕಲೆ ಶ್ರೀಮಂತವಾಗಿದ್ದು ಮನಸ್ಸು ಬಡವಾದಾಗ.

ಅಂದು ಮಿತ್ರರು ಬಂದಾಗ ನಾವಿಬ್ಬರೂ ನೋಡುತ್ತಿದ್ದುದು ಅಂಥದೊಂದನ್ನು. 1942ರ ಸೆಪ್ಟೆಂಬರಿನಲ್ಲಿ ಬಂದ 'ಜಾಪೊಟ್ಯೂರ್ಸ್' ಅದರ ಹೆಸರು. 'ಜಪಾನಿ' ಎಂಬುದರ ಹೀನಾಯ ರೂಪವನ್ನೂ 'ವಿಧ್ವಂಸಕ' ಎಂಬ ಮಾತನ್ನೂ ಬೆಸೆದು ಮಾಡಿದ್ದು. ಅಮೆರಿಕ ಒಂದು ಭಾರಿ ಬಾಂಬರ್ ವಿಮಾನವನ್ನು ಕಟ್ಟಿದೆ. ಜಪಾನೀ ಮೂಲದ ಒಬ್ಬನು ಕಚೇರಿಯಲ್ಲಿ ಕುಳಿತು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಾನೆ. ಗೋಡೆಯ ಮೇಲೆ ಸ್ವಾತಂತ್ರ್ಯದೇವಿಯ ಪ್ರತಿಮೆಯ ಪಟವಿದೆ. ಅದು ತಿರುಗಿ ಉದಯಸೂರ್ಯನ ಚಿಹ್ನೆಯಾಗುತ್ತದೆ. ಅವನು ಅದಕ್ಕೆ ಬಾಗಿ ನಮಿಸುತ್ತಾನೆ. ಮುಂದೆ ಅವನ ಕಡೆಯವರು ವಿಮಾನವನ್ನು ಅಪಹರಿಸುತ್ತಾರೆ, ಸೂಪರ್‌ಮ್ಯಾನ್ ತಡೆಯುತ್ತಾನೆ. ವಿಮಾನದ ಭಾರ, ಬೀಳುವ ವೇಗ, ಬೀದಿಯ ನೆರಳು ಎಲ್ಲವೂ ಸೊಗಸಾಗಿವೆ.

ಹುಡುಗ ಕೇಳಿದ: "ಮಾಮ, ಅವನು ಆಫೀಸಿನಲ್ಲಿ ಸುಮ್ಮನೆ ಪೇಪರ್ ಓದ್ತಿದ್ದ. ಅವನು ಕೆಟ್ಟವನು ಅಂತ ಹೇಗೆ ಗೊತ್ತಾಗತ್ತೆ?"

ಪಟ ತಿರುಗಿತಲ್ಲ ಎನ್ನೋಣವೆಂದು ಬಾಯಿ ತೆರೆದೆ. ಆದರೆ ಅದು ನಿಜವಾದ ಉತ್ತರವಲ್ಲ. ಪಟ ತಿರುಗುವುದಕ್ಕೆ ಮೊದಲೇ ನನಗೆ ಗೊತ್ತಾಗಿತ್ತು. ಬರೆದವರು ಅವನ ಮುಖವನ್ನು ಗೊತ್ತಾಗುವಂತೆಯೇ ಬರೆದಿದ್ದರು.

ಆ ಮುಖದ ಹಿಂದೆ ಚರಿತ್ರೆಯಿದೆ. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಒಂದು ಆಜ್ಞೆಗೆ ಸಹಿ ಮಾಡಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಮುಂದೆ ಅಲ್ಲಿನ ಸಂಸತ್ತೇ ನೇಮಿಸಿದ ಆಯೋಗ ವಿಚಾರಿಸಿದಾಗ, ಅವರು ನಡೆಸಿದ ಗೂಢಚರ್ಯೆಯದಾಗಲಿ ವಿಧ್ವಂಸಕ ಕೃತ್ಯದ್ದಾಗಲಿ ದಾಖಲಾದ ಪ್ರಕರಣ ಒಂದೂ ಕಾಣಲಿಲ್ಲ. 1988ರಲ್ಲಿ ಆ ದೇಶ ಶಾಸನಮುಖೇನ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಟ್ಟಿತು. ಆದರೆ 1942ರ ಆ ಶರತ್ಕಾಲದಲ್ಲಿ, ಅವರು ಶಿಬಿರಗಳಲ್ಲಿ ಕುಳಿತಿದ್ದಾಗ, ಚಿತ್ರಮಂದಿರದಲ್ಲಿ ಮಕ್ಕಳು ಕಂಡದ್ದು ಈ ಪಟವನ್ನು.

ಯುದ್ಧಕಾಲದಲ್ಲಿ ಶತ್ರುವನ್ನು ಹೊಗಳುತ್ತಾರೆಯೆ ಎಂದು ಯಾರಾದರೂ ಕೇಳಬಹುದು. ಹೊಗಳಬೇಕಾಗಿಲ್ಲ. ಶತ್ರುವಿನ ಸೇನೆಯನ್ನು ಎದುರಿಸುವುದು ಬೇರೆ, ಪಕ್ಕದ ಮೇಜಿನ ಗುಮಾಸ್ತನ ಮುಖ ತೋರಿಸಿ ಅವನೇ ಶತ್ರುವೆನ್ನುವುದು ಬೇರೆ. ಈ ಚಿತ್ರ ಮಾಡಿದ್ದು ಎರಡನೆಯದನ್ನು. ನಮ್ಮ ಆಲಂಕಾರಿಕರಲ್ಲಿ ಇಂಥದಕ್ಕೆ ಒಂದು ಮಾತಿದೆ: ರಸಾಭಾಸ. ರಸ ಹುಟ್ಟುತ್ತದೆ, ಆದರೆ ಅನುಚಿತವಾದ ನೆಲೆಯಲ್ಲಿ ಹುಟ್ಟುತ್ತದೆ. ರಸದಂತೆ ತೋರುತ್ತದೆ, ರಸವಲ್ಲ. ಇಲ್ಲಿಯ ವೀರವೂ ಅದ್ಭುತವೂ ನಿಂತಿರುವ ನೆಲ ಸುಳ್ಳಿನದು. ನೆಲ ಸುಳ್ಳೆಂದು ತಿಳಿದವನಿಗೆ ಅದರ ಮೇಲಿನ ಕುಣಿತ ರುಚಿಸದು. ಆದ್ದರಿಂದ ನೀತಿಯ ಕೊರತೆ ಇಲ್ಲಿ ಕಲೆಯ ಹೊರಗಿನ ದೋಷವಲ್ಲ. ಕಲೆಯೊಳಗೇ ಬಿಟ್ಟ ಬಿರುಕು.

ಇನ್ನೊಂದು ಸಂಗತಿ ಹೊಳೆದು ನನಗೆ ಕಸಿವಿಸಿಯಾಯಿತು. ಸೂಪರ್‌ಮ್ಯಾನ್ ಯಾರು? ಬೇರೊಂದು ಲೋಕದಲ್ಲಿ ಹುಟ್ಟಿ, ಈ ದೇಶಕ್ಕೆ ಬಂದು ಸೇರಿದವನು. ಕ್ಲಾರ್ಕ್ ಕೆಂಟ್ ಎಂಬ ಊರವರ ಹೆಸರಿಟ್ಟುಕೊಂಡು, ಕನ್ನಡಕ ಹಾಕಿಕೊಂಡು, ಪತ್ರಿಕಾ ಕಚೇರಿಯಲ್ಲಿ ಸಾಧುವಾಗಿ ಕೆಲಸಮಾಡುವವನು. ಅಂಗಿಯ ಅಡಿಯಲ್ಲಿ ತನ್ನ ನಿಜರೂಪವನ್ನು ಬಚ್ಚಿಟ್ಟುಕೊಂಡವನು. 1938ರಲ್ಲಿ ಅವನನ್ನು ಲೋಕಕ್ಕೆ ಕೊಟ್ಟ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಇತ್ತ, ಪಟದ ಹಿಂದೆ ಸೂರ್ಯನನ್ನು ಬಚ್ಚಿಟ್ಟುಕೊಂಡ ಆ ಗುಮಾಸ್ತ ಯಾರು? ಅವನೂ ಹೊರಗಿನ ಮೂಲದವನು, ಅವನೂ ಕಚೇರಿಯಲ್ಲಿ ಸಾಧುವಾಗಿ ಕುಳಿತವನು, ಅವನಿಗೂ ಒಂದು ಒಳರೂಪ. ಒಬ್ಬನ ಗುಟ್ಟು ಬಯಲಾದರೆ ಚಪ್ಪಾಳೆ, ಇನ್ನೊಬ್ಬನದಕ್ಕೆ ಗುದ್ದು. ಅದೇ ಕಥೆಯನ್ನು ಎರಡು ಮುಖಗಳಿಗೆ ಎರಡು ಬಗೆಯಾಗಿ ಹೇಳಿದ್ದಾರೆ, ಹೇಳಿದವರಿಗೇ ಅದು ತಿಳಿಯದೆ.

ಖಳನಿಗೆ ಮುಖವೊಂದನ್ನೇ ಅಲ್ಲದೆ ಮನಸ್ಸನ್ನೂ ಕೊಡುವುದು ಈ ಬಗೆಯ ಚಿತ್ರಗಳಿಗೆ ಅಸಾಧ್ಯವೇನಲ್ಲ. ಐವತ್ತು ವರ್ಷಗಳ ಮೇಲೆ, 1992ರಲ್ಲಿ, ಫ್ಲೈಶರರ ನೆರಳುಬೆಳಕನ್ನು ಮೆಚ್ಚಿದ ಕಲಾವಿದರು ಬ್ಯಾಟ್‌ಮ್ಯಾನ್ ಮಾಲೆಯೊಂದನ್ನು ಮಾಡಿದರು. ಕತ್ತಲು ಕಪ್ಪಾಗಿಯೇ ಉಳಿಯಲೆಂದು ಹಿನ್ನೆಲೆಗಳನ್ನು ಕಪ್ಪು ಕಾಗದದ ಮೇಲೆ ಬರೆದರು. ಅದರಲ್ಲಿ 'ಹಾರ್ಟ್ ಆಫ್ ಐಸ್' ಎಂಬುದೊಂದು ಕಥೆ. ವಿಕ್ಟರ್ ಫ್ರೀಸ್ ಒಬ್ಬ ವಿಜ್ಞಾನಿ. ಗುಣವಾಗದ ರೋಗ ಬಂದ ಹೆಂಡತಿಯನ್ನು, ಮದ್ದು ಸಿಗುವವರೆಗೆ, ಹಿಮನಿದ್ರೆಯಲ್ಲಿ ಇರಿಸಿರುತ್ತಾನೆ. ಕಂಪನಿಯ ಯಜಮಾನ ಖರ್ಚು ಹೆಚ್ಚಾಯಿತೆಂದು ಪ್ರಯೋಗವನ್ನು ನಿಲ್ಲಿಸುತ್ತಾನೆ. ಆ ನೂಕುನುಗ್ಗಲಿನಲ್ಲಿ ಫ್ರೀಸ್ ರಾಸಾಯನಿಕಗಳ ನಡುವೆ ಬಿದ್ದು, ಶೀತದಲ್ಲಲ್ಲದೆ ಬದುಕಲಾರದವನಾಗುತ್ತಾನೆ. ಬ್ಯಾಟ್‌ಮ್ಯಾನ್ ಅವನನ್ನು ಗೆಲ್ಲುವುದು ನೆಗಡಿಗೆಂದು ಫ್ಲಾಸ್ಕಿನಲ್ಲಿ ತಂದ ಬಿಸಿ ಸೂಪಿನಿಂದ! ಹುಡುಗ ಅದನ್ನು ಕಂಡು ಬಿದ್ದು ಬಿದ್ದು ನಕ್ಕ. ಕೊನೆಗೆ ಸೆರೆಯಲ್ಲಿ ಫ್ರೀಸ್ ಹೆಂಡತಿಯ ಕ್ಷಮೆ ಬೇಡುವಾಗ ನಾನು ಕನ್ನಡಕ ಒರೆಸಿಕೊಂಡೆ. ಒಂದೇ ಚಿತ್ರ ಇಬ್ಬರಿಗೂ ಅವರವರ ಪಾಲನ್ನು ಕೊಟ್ಟಿತು. ಫ್ರೀಸನ ತಪ್ಪನ್ನು ಅದು ತಪ್ಪಲ್ಲವೆನ್ನಲಿಲ್ಲ; ಅವನೂ ಮನುಷ್ಯನೆಂದಿತು, ಅಷ್ಟೆ. ಹನ್ನೆರಡನೆಯ ಶತಮಾನದಲ್ಲಿಯೇ ನಾಗಚಂದ್ರನ ರಾವಣನನ್ನು ಕಂಡ ನಮಗೆ ಇದು ಹೊಸ ಪಾಠವಲ್ಲ. ನಾವು ಆಗಾಗ್ಗೆ ಮರೆಯುವ ಪಾಠ.

ಮರೆತದ್ದು ನನ್ನ ವಿಷಯದಲ್ಲಿ ಬರಿಯ ಮಾತಲ್ಲ. ಹುಡುಗನ ಪ್ರಶ್ನೆ ನನ್ನನ್ನು ಹಿಂದಕ್ಕೆ ಎಳೆದುಕೊಂಡು ಹೋಯಿತು. ನನಗೆ ಹತ್ತು ವರ್ಷವಾಗಿದ್ದಾಗ ನೆಂಟರ ಮನೆಗೆ ವಿಡಿಯೋ ಕ್ಯಾಸೆಟ್ಟಿನ ಯಂತ್ರ ಬಂದಿತ್ತು. ಈ ಚಿತ್ರಗಳನ್ನು, ಇದನ್ನೂ ಸೇರಿಸಿ, ಬೀದಿಯ ಹುಡುಗರೆಲ್ಲ ಅಲ್ಲಿಯೇ ನೋಡಿದೆವು. ಇಂಗ್ಲಿಷು ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಅದು ಚಳಿಗಾಲ. ನಮ್ಮ ಊರಿಗೆ ಪ್ರತಿವರ್ಷದಂತೆ ಟಿಬೆಟನ್ನರು ಸ್ವೆಟರು ಮಾರಲು ಬಂದು ರಸ್ತೆಬದಿಯಲ್ಲಿ ಅಂಗಡಿ ಹೂಡಿದ್ದರು. ಅವರಲ್ಲೊಬ್ಬರ ಮಗ, ನಮ್ಮ ವಯಸ್ಸಿನವನು, ಮಧ್ಯಾಹ್ನ ನಮ್ಮ ಜೊತೆ ಆಡಲು ಬರುತ್ತಿದ್ದ. ಕ್ಯಾಸೆಟ್ಟು ನೋಡಿದ ಮಾರನೆಯ ದಿನದಿಂದ ನಮ್ಮ ಆಟ ಬದಲಾಯಿತು. ಸೂಪರ್‌ಮ್ಯಾನ್ ಆಗುವ ಸರದಿ ಎಲ್ಲರಿಗೂ ಬರುತ್ತಿತ್ತು. ಗೂಢಚಾರನಾಗುವ ಸರದಿ ಅವನೊಬ್ಬನಿಗೆ. ಯಾರೂ ಹಾಗೆಂದು ನಿಯಮ ಮಾಡಿರಲಿಲ್ಲ. ಅವನನ್ನು ಸೀಬೆಮರಕ್ಕೆ ಕಟ್ಟಿ, ಸುತ್ತ ಕುಣಿದು ಗುದ್ದುತ್ತಿದ್ದೆವು. ಮೊದಲ ದಿನ ಅವನೂ ನಕ್ಕ. ಎರಡನೆಯ ದಿನ ಸ್ವಲ್ಪ ನಕ್ಕ. ಮೂರನೆಯ ದಿನ ತನಗೂ ಹಾರುವ ಸರದಿ ಬೇಕೆಂದ. ನಿನ್ನ ಮುಖಕ್ಕೆ ಅದು ಹೊಂದುವುದಿಲ್ಲವೆಂದು ಹೇಳಿದವನು ನಾನು. ನಾಲ್ಕನೆಯ ದಿನ ಅವನು ಬರಲಿಲ್ಲ.

ಇದನ್ನು ತಂಗಿಯ ಮಗನಿಗೆ ಹೇಳಿದೆ. ಬೇರೆ ಉತ್ತರ ನನ್ನ ಬಳಿ ಇರಲಿಲ್ಲ. ಅವನು ಕೇಳಿಸಿಕೊಂಡು, "ಅವನ ಹೆಸರು ಏನು ಮಾಮ?" ಎಂದ. ನೆನಪಿಗೆ ಬರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ. ಆಟದಲ್ಲಿ ನಾವು ಅವನನ್ನು 'ಜಪಾನ್' ಎಂದೇ ಕರೆಯುತ್ತಿದ್ದೆವು.

ಆ ಚಿತ್ರವನ್ನು ಸುಟ್ಟುಹಾಕಬೇಕೆಂದು ನಾನು ಹೇಳುವುದಿಲ್ಲ. ಅದು ಇರಲಿ, ಇಂಥ ಪ್ರಶ್ನೆ ಹುಟ್ಟಿಸುವುದಕ್ಕಾದರೂ ಇರಲಿ; ಆದರೆ ಮಗುವಿನ ಪಕ್ಕದಲ್ಲಿ ದೊಡ್ಡವರೊಬ್ಬರು ಕುಳಿತಿರಲಿ. ಹಳೆಯ ಚಿತ್ರ ನಿಲ್ಲುತ್ತದೆಯೆ ಎಂದು ಪರೀಕ್ಷಿಸಲು ಕುಳಿತವನು ನಾನು. ಕಡೆಗೆ ಪರೀಕ್ಷೆಗೆ ಸಿಕ್ಕಿದವನೂ ನಾನೇ. ಕಟ್ಟಡಕ್ಕೆ ಭುಜಕೊಟ್ಟವನ ಶ್ರಮ ನಿಲ್ಲುತ್ತದೆ, ಹೆಂಡತಿಗಾಗಿ ಅಳುವ ಖಳನ ದುಃಖ ನಿಲ್ಲುತ್ತದೆ. ಮುಖ ನೋಡಿ ತೀರ್ಪು ಕೊಟ್ಟದ್ದು ಬೀಳುತ್ತದೆ, ಎಷ್ಟು ಚೆನ್ನಾಗಿ ಬರೆದಿದ್ದರೂ.

ಮಿತ್ರರು ಮತ್ತೆ ಬಂದರೆ ಈ ಸಲ ನಿಜ ಹೇಳುತ್ತೇನೆ. ಅಂದು ಹುಡುಗನಿಗೆ ನಾನು ಜೊತೆಯಾಗಿರಲಿಲ್ಲ, ಹುಡುಗನೇ ನನಗೆ ಜೊತೆಯಾಗಿದ್ದ.