ಋಣವೋ, ಉಪಕಾರವೋ?

ಆಗಸ್ಟ್ 15 ನಮಗೆ ಎರಡು ಹಬ್ಬಗಳ ದಿನ. ಸ್ವರ್ಗಸ್ವೀಕೃತ ಮಾತೆಯ ಹಬ್ಬದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ಧ್ವಜ ಹಾರಿಸುತ್ತೇವೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಸೈನಿಕರನ್ನು ನೆನೆಯುತ್ತೇವೆ. ಆದರೆ 'ಮಾಜಿ ಸೈನಿಕ' ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮೀಸೆ ಹೊತ್ತ ಗಂಡಸಿನ ಮುಖ. ಸೇನೆಯಲ್ಲಿ ದುಡಿದು ಮನೆಗೆ ಮರಳಿದ ಹೆಣ್ಣುಮಕ್ಕಳೂ ಇದ್ದಾರೆ. ಅವರಿಗೆ ಕಾಯಿಲೆ ಬಂದರೆ ನೋಡಿಕೊಳ್ಳುವುದು ಯಾರ ಹೊಣೆ? ಈ ತಿಂಗಳು ಯುವಜನರಾದ ನಾವು ಓದುಗರ ಮುಂದಿಡುವ ಪ್ರಶ್ನೆ ಇದು.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸೋಣ. ಉಪಕಾರ ಮಾಡುವವನು ಯಾರಿಗೆ, ಯಾವಾಗ, ಎಷ್ಟು ಎಂದು ತಾನೇ ತೀರ್ಮಾನಿಸುತ್ತಾನೆ. ಸಾಲ ತೀರಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಕೊಡಬೇಕಾದವರಿಗೆ ಕೊಡಬೇಕಾದಷ್ಟನ್ನು ಹೊತ್ತಿಗೆ ಸರಿಯಾಗಿ ಕೊಡಲೇಬೇಕು. ಸೇನೆಯಲ್ಲಿ ದುಡಿದವರ ಆರೋಗ್ಯ ದೇಶಕ್ಕೆ ಉಪಕಾರದ ವಿಷಯವಲ್ಲ, ಋಣದ ವಿಷಯ ಎಂಬುದು ನಮ್ಮ ನಂಬಿಕೆ. ಯೌವನದ ಬಲವನ್ನು ಪಡೆದುಕೊಂಡವರು ಮುಪ್ಪಿನ ನೋವಿಗೂ ಪಾಲುದಾರರಾಗಬೇಕು.

ಈ ಮಾತು ನಮ್ಮ ಮನೆಗಳಿಗೆ ದೂರದ್ದಲ್ಲ. ನಮ್ಮ ಊರುಗಳಲ್ಲಿ ನರ್ಸಿಂಗ್ ಓದುವ ಹೆಣ್ಣುಮಕ್ಕಳು ಅನೇಕರಿದ್ದಾರೆ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿಯೇ ಸೇನೆಯ ನರ್ಸಿಂಗ್ ಕಾಲೇಜು ಇದೆ. ಭಾರತದ ಸೇನಾ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ದಾದಿಯರ ಸೇವೆ 1888ರಲ್ಲಿ ಆರಂಭವಾಯಿತು. 1926ರಲ್ಲಿ ಅದು ಭಾರತೀಯ ಸೇನಾ ಶುಶ್ರೂಷಾ ಸೇವೆಯೆಂಬ ರೂಪ ಪಡೆಯಿತು. ಭುಜದ ಮೇಲೆ ಅಧಿಕಾರಿಯ ನಕ್ಷತ್ರ ಧರಿಸಿ, ಗಾಯಗೊಂಡವರ ರಕ್ತ ಒರೆಸಿದವರು ಈ ಹೆಣ್ಣುಮಕ್ಕಳು. ವೈದ್ಯಕೀಯ ವಿಭಾಗಗಳ ಹೊರಗೆ ಮಹಿಳಾ ಅಧಿಕಾರಿಗಳಿಗೆ ಭೂಸೇನೆಯ ಬಾಗಿಲು ತೆರೆದದ್ದು 1992ರಲ್ಲಿ.

ಮಾಜಿ ಸೈನಿಕರ ಚಿಕಿತ್ಸೆಗಾಗಿ ಸರ್ಕಾರ 2003ರ ಏಪ್ರಿಲ್‌ನಲ್ಲಿ ಇಸಿಎಚ್‌ಎಸ್ ಎಂಬ ಯೋಜನೆ ತಂದಿತು. ವಂತಿಗೆ ಕಟ್ಟಿ ಕಾರ್ಡು ಪಡೆದವರು ದೇಶದ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಲ್ಲಿ, ಅಲ್ಲಿಂದ ಕಳುಹಿಸಿದ ಖಾಸಗಿ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು. ಒಳ್ಳೆಯ ಯೋಜನೆ. ಆದರೆ ಅದು ಪಿಂಚಣಿಗೆ ಅಂಟಿಕೊಂಡಿತ್ತು. ಅಧಿಕಾರಿಗಳಿಗೆ ಸಾಮಾನ್ಯವಾಗಿ 20 ವರ್ಷ ಸೇವೆಯಾದರೆ ಮಾತ್ರ ಪಿಂಚಣಿ. 1992ರ ನಂತರ ಸೇರಿದ ಮಹಿಳೆಯರಿಗೆ ಸಿಕ್ಕಿದ್ದು ಮೊದಲು 5 ವರ್ಷ, ವಿಸ್ತರಣೆಯಾಗುತ್ತಾ ಹೋಗಿ ಹೆಚ್ಚೆಂದರೆ 14 ವರ್ಷದ ಸೇವೆ. ಸೇವೆ ಸಾಲದು, ಆದ್ದರಿಂದ ಪಿಂಚಣಿ ಇಲ್ಲ. ಪಿಂಚಣಿ ಇಲ್ಲ, ಆದ್ದರಿಂದ ಕಾರ್ಡು ಇಲ್ಲ. 'ಹೆಂಗಸರಿಗೆ ಚಿಕಿತ್ಸೆ ಕೊಡಬೇಡಿ' ಎಂದು ಯಾರೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ.

ಇನ್ನು ಕೆಲವು ಕಡೆ ಬರೆದೇ ಇಟ್ಟಿದ್ದರು. 1977ರ ಸೇನಾ ನಿಯಮವೊಂದರ ಪ್ರಕಾರ ಶುಶ್ರೂಷಾ ಸೇವೆಯ ಅಧಿಕಾರಿ ಮದುವೆಯಾದರೆ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯಬಹುದಿತ್ತು. ಲೆಫ್ಟಿನೆಂಟ್ ಸೆಲೀನಾ ಜಾನ್ ಅವರನ್ನು 1988ರಲ್ಲಿ ಹಾಗೆಯೇ ಕಳುಹಿಸಲಾಯಿತು. ನಿಯಮವನ್ನು ಹಿಂತೆಗೆದುಕೊಂಡದ್ದು 1995ರಲ್ಲಿ. ಇದು ಲಿಂಗ ತಾರತಮ್ಯವೆಂದು ಸುಪ್ರೀಂ ಕೋರ್ಟ್ ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರ ಫೆಬ್ರವರಿಯಲ್ಲಿ. ನಡುವೆ ಕಳೆದದ್ದು ಸುಮಾರು 36 ವರ್ಷ. ಮದುವೆಯನ್ನು ಪವಿತ್ರ ಸಂಸ್ಕಾರವೆಂದು ನಂಬುವ ನಮಗೆ, ಅದನ್ನೇ ತಪ್ಪೆಂಬಂತೆ ಕಂಡ ನಿಯಮ ಎಷ್ಟು ಕ್ರೂರವೆಂದು ಯಾರೂ ವಿವರಿಸಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. 'ಸೇರುವಾಗಲೇ ಷರತ್ತು ಗೊತ್ತಿತ್ತಲ್ಲ, ಸಹಿ ಹಾಕಿದವರೂ ಅವರೇ ಅಲ್ಲವೇ?' ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅಲ್ಪಾವಧಿಗೆ ಸೇರಿದ ಗಂಡಸರಿಗೂ ಕಾರ್ಡು ಇರಲಿಲ್ಲ. ಆದರೆ ಗಂಡಸರಿಗೆ ಕಾಯಂ ನೇಮಕಾತಿ ಕೇಳುವ ಇನ್ನೊಂದು ಬಾಗಿಲು ತೆರೆದಿತ್ತು. ಬಹುತೇಕ ವಿಭಾಗಗಳಲ್ಲಿ ಹೆಂಗಸರಿಗೆ ಅದು ಮುಚ್ಚಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ತೆರೆಯಿತು. ಒಂದೇ ದಾರಿ ಇರುವವರು ಹಾಕಿದ ಸಹಿಯನ್ನೂ, ಎರಡು ದಾರಿಯಲ್ಲಿ ಒಂದನ್ನು ಆರಿಸಿಕೊಂಡವರ ಸಹಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅಲ್ಪಾವಧಿ ಅಧಿಕಾರಿಗಳಿಗೂ ಇಸಿಎಚ್‌ಎಸ್ ಕೊಡಲು ಸರ್ಕಾರ ಒಪ್ಪಿದ್ದು 2019ರ ಮಾರ್ಚ್‌ನಲ್ಲಿ. ಅದು ಸ್ವಾಗತಾರ್ಹ. ಆದರೆ ತಡವಾಗಿ ಬಂದ ಮದ್ದು ಕಳೆದುಹೋದ ವರ್ಷಗಳ ನೋವಿಗೆ ಹತ್ತುವುದಿಲ್ಲ.

ಇನ್ನೊಂದು ಮಾತು: 'ಎಲ್ಲರಿಗೂ ಒಂದೇ ಅಳತೆಗೋಲು ಇದ್ದರೆ ಸಾಕಲ್ಲವೇ?' ಸಾಲದು. 2020ರ ತೀರ್ಪಿನ ನಂತರ ಮಹಿಳಾ ಅಧಿಕಾರಿಗಳನ್ನು ಕಾಯಂ ಮಾಡುವಾಗ ಸೇನೆ ಅವರ ಆರೋಗ್ಯವನ್ನು 'ಶೇಪ್-1' ಎಂಬ ಮಟ್ಟದಿಂದ ಅಳೆಯಿತು. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಎಲ್ಲವೂ ಮೊದಲ ದರ್ಜೆಯಲ್ಲಿರಬೇಕು. ಗಂಡಸರಿಗೂ ಇದೇ ಅಳತೆ ಇತ್ತು. ಆದರೆ ಅವರನ್ನು ಅಳೆದದ್ದು ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ, ಇನ್ನೂ ಯೌವನವಿದ್ದಾಗ. ಅವಕಾಶವೇ ಇಲ್ಲದೆ ಕಾದಿದ್ದ ಅನೇಕ ಹೆಂಗಸರನ್ನು ಅದೇ ಅಳತೆಗೆ ನಿಲ್ಲಿಸಿದ್ದು ನಲವತ್ತು ದಾಟಿದ ಮೇಲೆ. ಹೆರಿಗೆ, ವಯಸ್ಸು, ಸೇವೆಯ ಶ್ರಮ ದೇಹವನ್ನು ಬದಲಿಸುತ್ತವೆಂದು ತಿಳಿಯಲು ವಿಜ್ಞಾನ ಪದವಿ ಬೇಕಿಲ್ಲ. ಮೇಲ್ನೋಟಕ್ಕೆ ಸಮವಾಗಿ ಕಂಡರೂ ಇದು ತಾರತಮ್ಯವೇ ಎಂದು 2021ರ ಮಾರ್ಚ್ 25ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಈ ಸಮಸ್ಯೆ ನಮ್ಮ ದೇಶದ್ದು ಮಾತ್ರವಲ್ಲ. ಡೆಬೊರಾ ಸ್ಯಾಂಪ್ಸನ್ ಎಂಬ ಹೆಣ್ಣುಮಗಳು 1782ರಲ್ಲಿ ಗಂಡು ವೇಷದಲ್ಲಿ, ಗಂಡು ಹೆಸರಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಸೇನೆ ಸೇರಿದಳು. ಗುಂಡೇಟು ಬಿದ್ದಾಗ, ವೈದ್ಯರು ನೋಡಿದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ ತೊಡೆಯ ಗಾಯಕ್ಕೆ ತಾನೇ ಚಿಕಿತ್ಸೆ ಮಾಡಿಕೊಂಡಳೆಂದು ಹೇಳುತ್ತಾರೆ. ಮಾಜಿ ಸೈನಿಕ ಮಹಿಳೆಯರ ಚಿಕಿತ್ಸೆಯನ್ನು ಸುಧಾರಿಸಲು 2021ರ ಜನವರಿಯಲ್ಲಿ ಅಲ್ಲಿ ಜಾರಿಗೆ ಬಂದ ಕಾಯಿದೆಗೆ ಅವಳದೇ ಹೆಸರು. ಆದರೂ ಅಲ್ಲಿನ ಮಾಜಿ ಸೈನಿಕರ ಇಲಾಖೆಯ ಧ್ಯೇಯವಾಕ್ಯದಲ್ಲಿ 2023ರವರೆಗೆ ಹೆಣ್ಣು ಕಾಣಿಸುತ್ತಿದ್ದುದು ಸೈನಿಕನ ವಿಧವೆಯಾಗಿ ಮಾತ್ರ. ಸೈನಿಕಳಾಗಿ ಅಲ್ಲ.

ಗುರುತಿಸುವುದೇ ಆರೈಕೆಯ ಮೊದಲ ಹೆಜ್ಜೆ. ಪಾಲಿಕ್ಲಿನಿಕ್ಕಿಗೆ ಬರುವ ಹೆಂಗಸರಲ್ಲಿ ಬಹುಪಾಲು ಸೈನಿಕರ ಮಡದಿಯರು, ವಿಧವೆಯರು. ಅವರ ಹಕ್ಕು ದೊಡ್ಡದೇ. ಆದರೆ ಸ್ವಂತ ಸೇವೆಯಿಂದ ಬಂದವಳನ್ನೂ 'ಯಜಮಾನರ ಹೆಸರೇನಮ್ಮಾ?' ಎಂದೇ ಕೇಳಿದರೆ, ಅವಳ ಬೆನ್ನುನೋವಿನ ಹಿಂದಿನ ಕಥೆ, ನಿದ್ದೆಗೆಡಿಸುವ ನೆನಪುಗಳ ಕಾರಣ ವೈದ್ಯರ ಕಿವಿಗೆ ಬೀಳುವುದೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಂಜಾಬಿನ ನೇಮಕಾತಿ ಪ್ರಕರಣವೊಂದರಲ್ಲಿ, ಶುಶ್ರೂಷಾ ಸೇವೆಯಲ್ಲಿ ಅಲ್ಪಾವಧಿ ದುಡಿದು ಬಿಡುಗಡೆಯಾದವರೂ ಮಾಜಿ ಸೈನಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಹೆಸರಿನ ಈ ಜಗಳ ಬರೀ ಹೆಸರಿನದಲ್ಲ. ಸಾಲ ಕೊಟ್ಟವರು ಯಾರೆಂದು ಒಪ್ಪಿಕೊಳ್ಳದವನು ಸಾಲ ತೀರಿಸುವುದಾದರೂ ಯಾರಿಗೆ?

ಕಾನೂನು ದೆಹಲಿಯಲ್ಲಿ ಬದಲಾಗುತ್ತದೆ. ಅರ್ಜಿ ತುಂಬಬೇಕಾದದ್ದು ಇಲ್ಲಿ, ಮನೆಯಲ್ಲಿ ಕನ್ನಡ ಆಡಿ ಕಚೇರಿಯಲ್ಲಿ ತಮಿಳು, ಇಂಗ್ಲಿಷ್ ಓದಬೇಕಾದ ನಮ್ಮ ಊರಿನಲ್ಲಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಸೇನೆಯಲ್ಲಿ ದುಡಿದ ಅಕ್ಕ, ಚಿಕ್ಕಮ್ಮ, ಅಜ್ಜಿ ಇದ್ದರೆ, ಅವರ ಬಿಡುಗಡೆ ಪತ್ರ ಪೆಟ್ಟಿಗೆಯ ತಳದಲ್ಲಿದ್ದರೂ ಹೊರತೆಗೆಯಿರಿ. ಭಾನುವಾರದ ಪೂಜೆಯ ನಂತರ ಯುವಜನರನ್ನು ಕಾಣಿರಿ. ಅರ್ಜಿ ಓದಿ ಹೇಳಲು, ತುಂಬಲು, ಜಿಲ್ಲೆಯ ಮಾಜಿ ಸೈನಿಕರ ಕಲ್ಯಾಣ ಕಚೇರಿಗೆ ಜೊತೆಯಲ್ಲಿ ಬರಲು ನಾವು ಸಿದ್ಧ. ಇದನ್ನು ಉಪಕಾರವೆಂದು ಮಾತ್ರ ಎಣಿಸಬೇಡಿ.