ಅನ್ನಪಾನನಿರೋಧ ಮತ್ತು ಆರ್ಥಿಕ ದಿಗ್ಬಂಧನ

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣಗಳ ಬಳಿಕ ಐದನೆಯದಾಗಿ ಬರುವುದು ಅನ್ನಪಾನನಿರೋಧ, ಎಂದರೆ ಜೀವಿಗಳಿಗೆ ಅನ್ನನೀರನ್ನು ತಡೆಯುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯವು ನಿಷೇಧಿಸಿದ ವ್ಯಾಪಾರವನ್ನು ಗುಟ್ಟಾಗಿ ನಡೆಸುವುದು ಅದರಲ್ಲಿ ಸೇರುತ್ತದೆ. ರಾಜ್ಯದ ಆಜ್ಞೆಯೇ ಅನ್ನವನ್ನು ತಡೆದಾಗ ಶ್ರಾವಕನು ಯಾವ ವ್ರತವನ್ನು ಕಾಯಬೇಕು?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ನಾಲ್ಕೇ ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 661ನೆಯ ನಿರ್ಣಯದ ಮೂಲಕ ಇರಾಕಿನೊಡನೆ ವ್ಯಾಪಾರವನ್ನು ನಿಷೇಧಿಸಿತು. ಇಂಥ ನಿರ್ಣಯವು ಸದಸ್ಯರಾಷ್ಟ್ರಗಳನ್ನು ಬಂಧಿಸುತ್ತದೆ. ವರ್ತಕನವರೆಗೆ ಅದು ಬರಬೇಕಾದರೆ ಆಯಾ ದೇಶದ ಕಾನೂನು ಬೇಕು. ಭಾರತದಲ್ಲಿ 1947ರ ವಿಶ್ವಸಂಸ್ಥೆ (ಭದ್ರತಾ ಮಂಡಳಿ) ಅಧಿನಿಯಮವು ಅದಕ್ಕಾಗಿ ಆಜ್ಞೆ ಹೊರಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಆಕ್ರಮಣಕಾರನನ್ನು ತಡೆಯುವುದು ಗೃಹಸ್ಥಧರ್ಮಕ್ಕೆ ಹೊರತಲ್ಲ. ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರನು. ಯುದ್ಧಕ್ಕಿಂತ ವ್ಯಾಪಾರನಿಷೇಧ ಲೇಸೆಂಬ ವಾದದಲ್ಲಿ ಹುರುಳಿದೆ. ಆದರೆ ಬಸ್ರಾ ನಗರದ ಹಸುಳೆ ಯಾರ ಮೇಲೂ ದಂಡೆತ್ತಿ ಹೋಗಿರಲಿಲ್ಲ.

ನಿರ್ಣಯದಲ್ಲಿ ಔಷಧಕ್ಕೂ, ಮಾನವೀಯ ಸಂದರ್ಭಗಳಲ್ಲಿ ಆಹಾರಕ್ಕೂ ವಿನಾಯಿತಿ ಇತ್ತು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಎರಡನ್ನು ಕಾನೂನು ಹೀಗೆ ಕಾಗದದ ಮೇಲೆ ಕಾಪಾಡಿತು. ಆದರೆ ಯಾವ ಸಂದರ್ಭ ಮಾನವೀಯವೆಂಬ ತೀರ್ಮಾನಕ್ಕೆ ಸಮಿತಿಯ ಮೊರೆ ಹೋಗಬೇಕಾಗಿತ್ತು. ಒಬ್ಬ ಸದಸ್ಯನ ಆಕ್ಷೇಪವೂ ಅಲ್ಲಿ ಕಡತವನ್ನು ನಿಲ್ಲಿಸಬಹುದಾಗಿತ್ತು. ಕುವೈತಿನಲ್ಲಿ ಸಿಲುಕಿದ್ದ ಭಾರತೀಯರಿಗೆ ಹಡಗಿನಲ್ಲಿ ಆಹಾರ ಕಳುಹಿಸಲು ಭಾರತವೂ ಆ ಸಮಿತಿಯ ಒಪ್ಪಿಗೆ ಪಡೆಯಬೇಕಾಯಿತು. ತೈಲ ಮಾರಿ ಆಹಾರ ಕೊಳ್ಳುವ ಯೋಜನೆಯ ನಿರ್ಣಯ 1995ರಲ್ಲಾದರೂ ಅದರ ಮೊದಲ ಆಹಾರ ಇರಾಕನ್ನು ತಲುಪಿದ್ದು 1997ರ ಮಾರ್ಚಿನಲ್ಲಿ. 1991ರ ಇಂಥದೇ ಯೋಜನೆಯನ್ನು ನಿರಾಕರಿಸಿದ್ದ ಇರಾಕ್ ಸರ್ಕಾರವೂ ಈ ದೋಷದಲ್ಲಿ ಪಾಲುದಾರ. ಅಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ದಿಗ್ಬಂಧನವನ್ನು ಪ್ರತಿಭಟಿಸಿ ಅಧಿಕಾರ ತ್ಯಜಿಸಿದರು.

ಹಾಗಾದರೆ ಹಿಂಸಕನು ಯಾರು? ಮಂಡಳಿ ನಿರ್ಣಯಿಸಿತು, ಸರ್ಕಾರ ಆಜ್ಞಾಪಿಸಿತು, ಬ್ಯಾಂಕು ಹಣ ತಡೆಯಿತು, ವರ್ತಕನು ಸರಕು ಕಳುಹಿಸಲಿಲ್ಲ. ಪ್ರತಿಯೊಬ್ಬನೂ ತನ್ನ ಕೈ ಶುದ್ಧವೆನ್ನಬಹುದು. ಜೈನಧರ್ಮವಾದರೋ ಕೃತ, ಕಾರಿತ, ಅನುಮೋದಿತ ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಹಾಗೆಂದು ಕಳ್ಳವ್ಯಾಪಾರವು ಕರುಣೆಯಾಗದು. ಆ ಆಹಾರಯೋಜನೆಯಲ್ಲೇ 2000ಕ್ಕೂ ಹೆಚ್ಚು ಕಂಪನಿಗಳಿಂದ ಇರಾಕ್ ಸರ್ಕಾರಕ್ಕೆ ಅಕ್ರಮ ಹಣ ಸಂದಿತ್ತೆಂದು 2005ರಲ್ಲಿ ವೋಲ್ಕರ್ ಸಮಿತಿ ವರದಿ ಮಾಡಿತು. ಹಸಿದವರ ಹೆಸರಿನಲ್ಲಿ ಲೋಭ ಬೆಳೆಯಿತು.

ವಿಚಾರಿಸಿ ನೋಡಿದರೆ ಎರಡು ವ್ರತಗಳಿಗೆ ವಿರೋಧವಿಲ್ಲ. ಕಾನೂನು ತೆರೆದಿಟ್ಟ ಬಾಗಿಲಿನಲ್ಲಿ ಧೈರ್ಯದಿಂದ ನಡೆಯುವುದು ಮೊದಲ ಕರ್ತವ್ಯ. 2022ರ ಡಿಸೆಂಬರಿನಲ್ಲಿ ಭದ್ರತಾ ಮಂಡಳಿಯು 2664ನೆಯ ನಿರ್ಣಯದಿಂದ, ಹಣಕಾಸನ್ನು ತಡೆಹಿಡಿಯುವ ತನ್ನ ನಿರ್ಬಂಧಗಳು ಮಾನವೀಯ ನೆರವಿಗೆ ಅಡ್ಡಬಾರದಂತೆ ವಿನಾಯಿತಿ ಕೊಟ್ಟಿತು. ಆದರೂ ದಂಡದ ಭಯದಿಂದ ಅನುಮತಿಯುಳ್ಳ ವ್ಯವಹಾರವನ್ನೂ ಕೈಬಿಡುವ ಬ್ಯಾಂಕುಗಳೂ ವರ್ತಕರೂ ಉಂಟು. ಅದು ಕಾನೂನಿನ ಪಾಲನೆಯಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಮೂಲ. ಬಾಗಿಲೇ ಮುಚ್ಚಿದ್ದರೆ ಬಹಿರಂಗವಾಗಿ ಅದನ್ನು ತೆರೆಯಿಸಲು ಕೇಳಬೇಕು. ಗುಟ್ಟಾಗಿ ದಾಟಬಾರದು, ಮೌನದಿಂದ ಅನುಮೋದಿಸಲೂ ಬಾರದು.

ಬಸದಿಯಲ್ಲಿ ಆಹಾರದಾನಕ್ಕೆ ನಿಧಿ ಇಡುವ ಶ್ರಾವಕನು, ಭಯದಿಂದ ತಾನು ಕಳುಹಿಸದೆ ಉಳಿಸಿದ ಧಾನ್ಯದ ಲೆಕ್ಕವನ್ನೂ ತನ್ನ ಪ್ರತಿಕ್ರಮಣದಲ್ಲಿ ಸೇರಿಸಿಕೊಳ್ಳಲಿ.