ಇನ್ನೊಂದು ಚಕ್ರ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ಮೌಂಟ್ ವಾಷಿಂಗ್ಟನ್ ಬೆಟ್ಟದ ತುದಿಗೆ 1861ರಲ್ಲೇ ಗಾಡಿರಸ್ತೆ ಆಯಿತು. 1869ರಲ್ಲಿ ಬೆಟ್ಟದ ಇನ್ನೊಂದು ಮಗ್ಗುಲಿನಿಂದ ಹಲ್ಲುಹಳಿಯ ರೈಲೂ ಬಂತು. ಇವತ್ತು ಯಾರು ಬೇಕಾದರೂ ಕಾರಿನಲ್ಲಿ ಕೂತು ಮೇಲೆ ಹೋಗಿ, ಅಲ್ಲೇ ಕಾಫಿ ಕುಡಿದು, ಫೋಟೊ ತೆಗೆಸಿಕೊಂಡು ಇಳಿದು ಬರಬಹುದು. ಇಂಥ ಬೆಟ್ಟವನ್ನು ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳಲ್ಲಿ, ನೂರಾರು ಜನ ಸೈಕಲ್ ತುಳಿದುಕೊಂಡು ಹತ್ತುತ್ತಾರೆ. 1973ರಲ್ಲಿ ಶುರುವಾದ ಸ್ಪರ್ಧೆ ಇದು. ದೂರ ಹೆಚ್ಚೇನಿಲ್ಲ, 12 ಕಿಲೋಮೀಟರ್ ಚಿಲ್ಲರೆ. ಆದರೆ ಅಷ್ಟರಲ್ಲೇ ಸುಮಾರು 1,430 ಮೀಟರ್ ಮೇಲೇರಬೇಕು. ಸರಾಸರಿ ಲೆಕ್ಕದಲ್ಲಿ ನೂರು ಅಡಿಗೆ ಹನ್ನೆರಡು ಅಡಿ ಏರು. ಮುಕ್ತಾಯದ ಗೆರೆಯ ಹತ್ತಿರ ಅದು ಇಪ್ಪತ್ತೆರಡಕ್ಕೆ ಹೋಗುತ್ತದೆ. ಈ ಏರಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂಟಿಚಕ್ರದ ಸೈಕಲ್ಲಿನವರೂ ಕಾಣಿಸಿಕೊಳ್ಳುತ್ತಾರೆ. ನಾನು ಅವರಲ್ಲೊಬ್ಬ.

ಸರ್ಕಸ್ಸಿನಲ್ಲಿ ನೋಡಿದವರಿಗೆ ಒಂಟಿಚಕ್ರವೆಂದರೆ ಬೀಳದೆ ಕೂರುವ ಕಲೆ ಅನ್ನಿಸುತ್ತದೆ. ಬೆಟ್ಟದಲ್ಲಿ ಕಷ್ಟ ಅದಲ್ಲ. ಸಾಮಾನ್ಯ ಯುನಿಸೈಕಲ್ಲಿಗೆ ಚೈನಿಲ್ಲ, ಗೇರಿಲ್ಲ. ಪೆಡಲು ನೇರವಾಗಿ ಚಕ್ರದ ನಡುವಿಗೇ ಜೋಡಿಸಿರುತ್ತದೆ. ಕಾಲು ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತು, ಅಷ್ಟೇ. ನನ್ನ 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ಅಂದರೆ ಬೆಟ್ಟದ ತುದಿಗೆ 5,300 ಸುತ್ತು. ಒಂದನ್ನೂ ಯಾರಿಂದಲೂ ಸಾಲ ತರುವಂತಿಲ್ಲ. ಎರಡು ಚಕ್ರದವನು ಗೇರ್ ಇಳಿಸಿ ಹಗುರಾಗಿ ತುಳಿಯಬಹುದು, ಹ್ಯಾಂಡಲ್ ಹಿಡಿದು ಎಳೆದುಕೊಳ್ಳಬಹುದು. ಒಂಟಿಚಕ್ರದಲ್ಲಿ ಒಂದು ಪೆಡಲು ನೆತ್ತಿಯಲ್ಲೂ ಇನ್ನೊಂದು ತಳದಲ್ಲೂ ಇರುವ ಗಳಿಗೆ ಇದೆಯಲ್ಲ, ಆಗ ಎಷ್ಟು ಒತ್ತಿದರೂ ಬಲ ಚಕ್ರಕ್ಕೆ ಹೋಗುವುದಿಲ್ಲ. ಸಮ ನೆಲದಲ್ಲಿ ವೇಗವೇ ಆ ಗಳಿಗೆಯನ್ನು ದಾಟಿಸುತ್ತದೆ. ಏರಿನಲ್ಲಿ ವೇಗ ಎಲ್ಲಿಂದ ಬರಬೇಕು? ಪ್ರತಿ ಅರ್ಧ ಸುತ್ತಿಗೊಮ್ಮೆ ಸೈಕಲ್ಲು ನಿಂತೇಬಿಡುತ್ತದೆ ಅನ್ನಿಸಿ, ಮೈಯ ಭಾರವನ್ನೆಲ್ಲ ಮುಂದಿನ ಪೆಡಲಿಗೆ ಸುರಿದು ಮತ್ತೆ ಎಬ್ಬಿಸಬೇಕು. ಕಾಲು ಕೆಳಗಿಟ್ಟರೆ ಯಾರೂ ಬಯ್ಯುವುದಿಲ್ಲ. ಎರಡು ಚಕ್ರದವರೂ ಎಷ್ಟೋ ಜನ ಇಳಿದು ತಳ್ಳುತ್ತಾರೆ. ಆದರೆ ಅಂಥ ಏರಿನಲ್ಲಿ ಮತ್ತೆ ಹತ್ತಿ ಕೂರಬೇಕಾದರೆ ಚಕ್ರವನ್ನು ರಸ್ತೆಗೆ ಅಡ್ಡಲಾಗಿ ತಿರುಗಿಸಿ ಹತ್ತಿ, ಆಮೇಲೆ ಮೂತಿಯನ್ನು ಬೆಟ್ಟದ ಕಡೆಗೆ ಹೊರಳಿಸಬೇಕು.

ಇದನ್ನೆಲ್ಲ ಮೂಡಿಗೆರೆಯಲ್ಲಿರುವ ಅಪ್ಪನಿಗೆ ಫೋನಿನಲ್ಲಿ ವಿವರಿಸಿದಾಗ ಅವರು ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣೋ, ಇನ್ನೊಂದು ಚಕ್ರಕ್ಕೆ ದುಡ್ಡು ಸಾಲ್ಲಿಲ್ವಾ?" ಅಂದರು.

ಈ ಮಾತಿಗೆ ನಗಬಹುದು, ನಾನೂ ನಕ್ಕೆ. ಆದರೆ ಕೇಳಿದವರು ಯಾರು ಅನ್ನುವುದೂ ಮುಖ್ಯ. ಅಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕರಿಯ ಬನ್ನು, ಬ್ರೆಡ್ಡು, ರಸ್ಕನ್ನು ತಗಡಿನ ಡಬ್ಬದಲ್ಲಿ ತುಂಬಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಕಾಫಿ ಎಸ್ಟೇಟುಗಳ ಲೈನ್ ಮನೆಗಳಿಗೆ ಮಾರಿಕೊಂಡು ಬಂದವರು. ಗೇರಿಲ್ಲದ ಸೈಕಲ್ಲು. ಮಲೆನಾಡಿನ ರಸ್ತೆ. ಏರು ಬಂದರೆ ಇಳಿದು ತಳ್ಳುವುದು, ಇಳಿಜಾರು ಬಂದರೆ ಹತ್ತಿ ಬಿಡುವುದು. ಮಳೆಗಾಲದಲ್ಲಿ ಡಬ್ಬಕ್ಕೆ ಪ್ಲಾಸ್ಟಿಕ್ ಹೊದಿಸಿ ತಾವು ನೆನೆಯುವುದು. ಒಂದು ಗೇರಿನ ಸೈಕಲ್ಲು ಸಿಕ್ಕಿದ್ದರೆ ಅವರ ಮಂಡಿ ಇನ್ನೂ ಹತ್ತು ವರ್ಷ ಬಾಳುತ್ತಿತ್ತು. ಅಂಥವರ ಮಗ ಇದ್ದಬದ್ದ ಗೇರನ್ನು ಕಳಚಿ, ಒಂದು ಚಕ್ರವನ್ನೂ ಕಳಚಿ, ಬೇಕಂತಲೇ ಬೆಟ್ಟ ಹತ್ತುತ್ತೇನೆ ಅಂದರೆ ಅದನ್ನು ಏನೆಂದು ಕರೆಯಬೇಕು? ಆಟವೇ, ಕೊಬ್ಬೇ, ಅಥವಾ ಕಷ್ಟದ ಅಣಕವೇ?

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಬರ್ನಾರ್ಡ್ ಸೂಟ್ಸ್ ಈ ಪ್ರಶ್ನೆಯ ಅರ್ಧಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಆಟ ಅನ್ನುವುದಕ್ಕೆ ಒಂದು ಲಕ್ಷಣ ಹೇಳಲು ಬರುವುದಿಲ್ಲ ಎಂದು ವಿಟ್‌ಗೆನ್‌ಸ್ಟೈನ್ ವಾದಿಸಿದ್ದರು. ಬರುತ್ತದೆ ಎಂದು ತೋರಿಸಲು ಸೂಟ್ಸ್ 1978ರಲ್ಲಿ 'ದಿ ಗ್ರಾಸ್‌ಹಾಪರ್' ಎಂಬ ಪುಸ್ತಕ ಬರೆದರು. ಅವರ ವಾದದ ಸಾರ ಇಷ್ಟು: ಸುಲಭದ ದಾರಿ ಇದ್ದಾಗಲೂ ಅದನ್ನು ಬಿಟ್ಟು ಕಷ್ಟದ ದಾರಿಯನ್ನು ಹಿಡಿಯುತ್ತೇವೆ, ಯಾಕೆಂದರೆ ಆ ಕಷ್ಟವಿಲ್ಲದಿದ್ದರೆ ಆ ಚಟುವಟಿಕೆಯೇ ಇರುವುದಿಲ್ಲ. ಗಾಲ್ಫ್ ಚೆಂಡನ್ನು ಗುಳಿಗೆ ಹಾಕುವುದಷ್ಟೇ ಗುರಿಯಾಗಿದ್ದರೆ ಕೈಯಲ್ಲಿ ತೆಗೆದುಕೊಂಡು ಹೋಗಿ ಹಾಕಬಹುದು. ಕೋಲಿನಿಂದಲೇ ಹೊಡೆಯಬೇಕು ಎಂದು ಒಪ್ಪಿಕೊಂಡಾಗ ಗಾಲ್ಫ್ ಹುಟ್ಟುತ್ತದೆ. ಪುಸ್ತಕದ ನಾಯಕ ನಮಗೆಲ್ಲ ಗೊತ್ತಿರುವ ಈಸೋಪನ ಕಥೆಯ ಮಿಡತೆ. ಬೇಸಿಗೆಯಿಡೀ ಕೂಡಿಟ್ಟ ಇರುವೆ ಜಾಣ, ಆಡಿ ಕಳೆದ ಮಿಡತೆ ದಡ್ಡ ಎಂದು ನಾವು ಶಾಲೆಯಲ್ಲಿ ಕಲಿತಿದ್ದನ್ನು ಸೂಟ್ಸ್ ತಿರುಗಿಸಿ ಹಾಕುತ್ತಾರೆ. ದುಡಿಯುವ ಅಗತ್ಯವೇ ಇಲ್ಲದ ಲೋಕವೊಂದಿದ್ದರೆ ಅಲ್ಲಿ ಮಾಡಲು ಉಳಿಯುವುದು ಆಟ ಮಾತ್ರ, ಆದ್ದರಿಂದ ಮಿಡತೆಯೇ ಸರಿ ಎನ್ನುವ ಕಡೆಗೆ ಅವರ ವಾದ ಸಾಗುತ್ತದೆ.

ಇದನ್ನು ಒಪ್ಪಿದರೆ ಎರಡು ಚಕ್ರದವನು ಒಂಟಿಚಕ್ರದವನನ್ನು ನೋಡಿ ನಗುವಂತಿಲ್ಲ. ರಸ್ತೆಯಿದೆ, ರೈಲಿದೆ, ತುಳಿದುಕೊಂಡು ಹೋಗುವುದೇ ಅನಗತ್ಯ. ಅವನು ಕಾರು ಬಿಟ್ಟಿದ್ದಾನೆ, ನಾನು ಕಾರಿನ ಜೊತೆಗೆ ಇನ್ನೊಂದು ಚಕ್ರವನ್ನೂ ಬಿಟ್ಟಿದ್ದೇನೆ. ಇಲ್ಲಿಯವರೆಗೆ ನನಗೆ ಸೂಟ್ಸ್ ಜೊತೆ ತಕರಾರಿಲ್ಲ. ಆದರೆ ಅವರ ಮಿಡತೆಗೆ ಇರುವೆಯ ಮಗನಾಗಿ ಹುಟ್ಟಿದ ಫಜೀತಿ ಇರಲಿಲ್ಲ.

ಫಜೀತಿ ಎದುರಾಗುವುದು ಚಪ್ಪಾಳೆಯಲ್ಲಿ. ಬೆಟ್ಟದ ಮೇಲೆ ಎಲ್ಲರಿಗಿಂತ ಮೊದಲು ತಲುಪಿದವನಿಗೆ ಬೀಳುವ ಚಪ್ಪಾಳೆಗಿಂತ, ಎಷ್ಟೋ ಹೊತ್ತಾದ ಮೇಲೆ ಒಂಟಿಚಕ್ರದಲ್ಲಿ ಬಂದವನಿಗೆ ಜೋರು ಚಪ್ಪಾಳೆ. ನನ್ನ ಹಿಂದೆಯೇ ಅರವತ್ತು ದಾಟಿದ, ಮೈಭಾರದ ಹೆಂಗಸೊಬ್ಬರು ಸಾಧಾರಣ ಸೈಕಲ್ಲಿನಲ್ಲಿ ಕಣ್ಣು ಕತ್ತಲೆ ಬಂದವರಂತೆ ಗೆರೆ ದಾಟಿದರು. ಅವರಿಗೆ ಮರ್ಯಾದೆಯ ಚಪ್ಪಾಳೆ ಬಿತ್ತು, ಅಷ್ಟೇ. ಅವರ ಮಂಡಿ, ಅವರ ವಯಸ್ಸು, ಅವರ ಉಸಿರು ಅವರು ಆಯ್ದುಕೊಂಡದ್ದಲ್ಲ. ನನ್ನದು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಕಷ್ಟ. ಕಣ್ಣಿಗೆ ಕಾಣುವ ಕಷ್ಟಕ್ಕೆ ಜನ ಕೈ ತಟ್ಟುತ್ತಾರೆ, ಕಾಣದ್ದಕ್ಕೆ ತಟ್ಟುವುದಿಲ್ಲ. ಅದರಲ್ಲಿ ಜನರ ತಪ್ಪೇನೂ ಇಲ್ಲ. ಆದರೆ ಆ ಚಪ್ಪಾಳೆಯನ್ನು ನಾನು ಸರ್ಕಸ್ಸಿನ ಚಪ್ಪಾಳೆ ಎಂದೇ ತೆಗೆದುಕೊಳ್ಳಬೇಕೇ ಹೊರತು ಅದಕ್ಕಿಂತ ದೊಡ್ಡದೆಂದು ಅಲ್ಲ. ನಂತರ ಇಲ್ಲಿನ ಕನ್ನಡ ಕೂಟವೊಂದರವರು 'ಸಾಧಕ' ಎಂದು ಶಾಲು ಹೊದಿಸಲು ಕರೆದಾಗ ನಾನು ಹೋಗದೆ ಇದ್ದದ್ದು ಇದೇ ಕಾರಣಕ್ಕೆ. ಈಗೀಗ ಸಾಧಕರಲ್ಲದವರನ್ನು ಹುಡುಕುವುದೇ ಕಷ್ಟವಾಗಿದೆ, ಆ ಮಾತು ಬೇರೆ.

ನಮ್ಮ ಭಾಷೆ ಇಲ್ಲಿ ಒಂದು ಸೂಕ್ಷ್ಮವನ್ನು ಇಟ್ಟುಕೊಂಡಿದೆ. ಕಷ್ಟ 'ಪಡುವುದು' ಬೇರೆ, ಕಷ್ಟ 'ಕೊಟ್ಟುಕೊಳ್ಳುವುದು' ಬೇರೆ. ಪಡುವುದು ಅಂದರೆ ಮೇಲೆ ಬಿದ್ದದ್ದನ್ನು ಹೊರುವುದು. 'ಕಷ್ಟಪಟ್ಟು ಮೇಲೆ ಬಂದವರು' ಎಂದಾಗ ಅಪ್ಪನಂಥವರು ಕಣ್ಣ ಮುಂದೆ ಬರುತ್ತಾರೆ. ನಾನು ಅಕ್ಷರಶಃ ಮೇಲೆ ಬಂದವನೇ ಆದರೂ ಆ ಮಾತು ನನಗೆ ಸಲ್ಲದು.

ಹಾಗಂತ ಅಪ್ಪ ಬೇಕಂತಲೇ ಮೈ ದಂಡಿಸುವವರನ್ನೆಲ್ಲ ಹಗುರಾಗಿ ಕಂಡವರಲ್ಲ. ಶಿವರಾತ್ರಿಯ ಹೊತ್ತಿಗೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದುಹೋಗುವವರ ಸಾಲು ಇರುತ್ತದೆ. ಪಕ್ಕದಲ್ಲೇ ಬಸ್ಸು ಓಡಾಡುತ್ತಿರುತ್ತದೆ. ಬೊಬ್ಬೆ ಬಂದ ಕಾಲಿನವರನ್ನು ಕಂಡರೆ ಅಪ್ಪ ಸೈಕಲ್ ನಿಲ್ಲಿಸಿ ಬನ್ನು ಕೊಡುತ್ತಿದ್ದರು, ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಬಸ್ಸಿಗೆ ದುಡ್ಡು ಸಾಲಲಿಲ್ಲವಾ ಎಂದು ಅವರನ್ನು ಯಾವತ್ತೂ ಕೇಳಿರಲಾರರು. ಹರಕೆಯ ನಡಿಗೆಗೆ ಅತ್ತ ಕಡೆ ಒಬ್ಬ ಇದ್ದಾನೆ. ಯಾರಿಗೋ ಕೊಟ್ಟ ಮಾತು, ಯಾರಿಗೋ ವಾಸಿಯಾಗಲಿ ಎಂಬ ಆಸೆ. ನನ್ನ ಚಕ್ರದ ಅತ್ತ ಕಡೆ ಯಾರಿದ್ದಾರೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಯಾರೂ ಇಲ್ಲ. ತುಳಿಯುವಾಗ ನನಗೆ ಖುಷಿಯಾಗುತ್ತದೆ. ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು ಎಂದು ಮನಸ್ಸು ಒಂದೇ ಕಡೆ ನಿಲ್ಲುತ್ತದೆ. ಇದಕ್ಕೆ ಧ್ಯಾನ, ತಪಸ್ಸು ಎಂದೆಲ್ಲ ದೊಡ್ಡ ಹೆಸರು ಕೊಡುವ ಚಾಳಿ ನಮ್ಮ ಬಳಗದಲ್ಲಿದೆ. ನನಗದು ಹಿಡಿಸುವುದಿಲ್ಲ. ತಪಸ್ಸಿಗೆ ಹೋದವನು ಮಧ್ಯಾಹ್ನ ಊಟಕ್ಕೆ ಕಾರು ಹತ್ತಿ ವಾಪಸ್ಸು ಬರುವುದಿಲ್ಲ.

ಕೊಂಡ ಕಷ್ಟ ಒಂದು ಕಡೆ, ಬಂದ ಕಷ್ಟ ಇನ್ನೊಂದು ಕಡೆ. ಗೆರೆ ಎಳೆದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೋದ ವರ್ಷ ಊರಿಗೆ ಹೋದಾಗ ಅಪ್ಪನೇ ಆ ಗೆರೆಯನ್ನು ಅಳಿಸಿದರು. ಹಳೆಯ ರಸ್ತೆಗಳ ಮಾತು ಬಂದಿತ್ತು. ಎಸ್ಟೇಟಿನ ಗೇಟಿಗೆ ಮುಂಚೆ ಒಂದು ಚಿಕ್ಕ ಏರು, ಐವತ್ತು ಅರವತ್ತು ಮಾರು ಇರಬಹುದು. ಅದೊಂದು ಏರಿನಲ್ಲಿ ಮಾತ್ರ ತಾವು ಯಾವತ್ತೂ ಇಳಿಯುತ್ತಿರಲಿಲ್ಲ ಅಂದರು. ಡಬ್ಬದ ಸಮೇತ, ನಿಂತುಕೊಂಡು ತುಳಿಯುತ್ತಿದ್ದರಂತೆ. ಸೈಕಲ್ಲು ಮಗುಚಿದ್ದರೆ ಅವತ್ತಿನ ದುಡಿಮೆ ಕೆಸರಿಗೆ ಬೀಳುತ್ತಿತ್ತು.

"ಯಾಕೆ ಇಳೀತಿರ್ಲಿಲ್ಲ?"

"ಮೇಲ್ಗಡೆ ಮಕ್ಕಳು ಕಾಯ್ಕೊಂಡು ನಿಂತಿರೋವು." ಸ್ವಲ್ಪ ಹೊತ್ತು ಬಿಟ್ಟು, "ಮಕ್ಕಳಿಲ್ಲದಿದ್ರೂ ಇಳೀತಿರ್ಲಿಲ್ಲ. ಅಲ್ಲಿ ಇಳಿಯೋಕೆ ಮನಸ್ಸೇ ಬರ್ತಿರ್ಲಿಲ್ಲ" ಅಂದರು.

ಆ ಐವತ್ತು ಮಾರಿನಲ್ಲಿ ಇರುವೆಯೂ ಮಿಡತೆಯೇ. ಬೇಡದ ಕಷ್ಟವನ್ನು ಬೇಕೆಂದು ಹಚ್ಚಿಕೊಳ್ಳುವುದು ಹೊಟ್ಟೆ ತುಂಬಿದವರ ಶೋಕಿ ಮಾತ್ರ ಎಂದು ಇನ್ನು ನಾನು ಹೇಳಲಾರೆ. ದಿನವಿಡೀ ಅಪ್ಪ ತಳ್ಳಿದ ಏರುಗಳೆಲ್ಲ ಹೊಟ್ಟೆಪಾಡಿನವು, ಅದೊಂದು ಮಾತ್ರ ಅವರದ್ದೇ. ಆದರೂ ಅವರದೂ ನನ್ನದೂ ಒಂದೇ ತೂಕದ ಆಟವಲ್ಲ. ನಾನು ಬಿದ್ದರೆ ಮೊಣಕೈ ತರಚುತ್ತದೆ. ಅವರು ಬಿದ್ದಿದ್ದರೆ ನಮ್ಮ ಮನೆಗೆ ಅಕ್ಕಿ ಬರುತ್ತಿರಲಿಲ್ಲ. ಇನ್ನೂ ಒಂದು ಮಾತಿದೆ. ಅಪ್ಪನಿಗೆ ಉಳಿದ ಏರುಗಳಲ್ಲಿ ಇಳಿದು ತಳ್ಳುವುದು ಸೋಲೇ ಅಲ್ಲ, ಅದು ಬುದ್ಧಿ. ಸೈಕಲ್ಲಿನಿಂದ ಇಳಿದದ್ದಕ್ಕೆ ನಾಚಿಕೆಪಡುವುದನ್ನು ಅವರು ಎಲ್ಲೂ ಕಲಿತಿಲ್ಲ. ನಾವು ಒಂಟಿಚಕ್ರದವರು ಮಾತ್ರ ಎಷ್ಟು ಸಲ ಕಾಲು ನೆಲಕ್ಕೆ ತಾಗಿತು ಎಂದು ಎಣಿಸಿ, ಸಂಜೆ ಅದನ್ನೇ ಮಾತಾಡಿಕೊಳ್ಳುತ್ತೇವೆ.

ಅವತ್ತೇ ಅವರು ಬೆಟ್ಟದ ಬಗ್ಗೆ ಮತ್ತೆ ಕೇಳಿದರು. "ಮೇಲೆ ಹೋದ್ಮೇಲೆ ಬರ್ತಾ ಜುಮ್ಮಂತ ಬಿಟ್ಕೊಂಡು ಬರ್ತೀಯಾ?" ಇಲ್ಲ ಅಂದೆ. ಒಂಟಿಚಕ್ರವನ್ನು ಇಳಿಜಾರಿನಲ್ಲಿ ಸುಮ್ಮನೆ ಬಿಡಲಾಗುವುದಿಲ್ಲ, ಚಕ್ರ ತಿರುಗಿದಷ್ಟೂ ಕಾಲು ತಿರುಗಲೇಬೇಕು, ಒತ್ತಿ ತಡೆಯುತ್ತ ಇಳಿಯಬೇಕು. ಅದೂ ಅಲ್ಲದೆ ಆ ಬೆಟ್ಟದಲ್ಲಿ ಸ್ಪರ್ಧೆ ಮುಗಿದ ಮೇಲೆ ಯಾರೂ ಸೈಕಲ್ ಓಡಿಸಿಕೊಂಡು ಇಳಿಯುವಂತೆಯೇ ಇಲ್ಲ, ಎಲ್ಲವನ್ನೂ ಕಾರಿಗೆ ಹೇರಿಕೊಂಡೇ ಇಳಿಸಬೇಕು ಎಂದೂ ಹೇಳಿದೆ.

ಒಂದು ಚಕ್ರದ ವಿಷಯವನ್ನು ಹೇಗೋ ನುಂಗಿಕೊಂಡಿದ್ದ ಅಪ್ಪನಿಗೆ ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. "ಇಳಿಜಾರು ಬಿಡಲ್ಲ ಅಂದ್ರೆ ಏನೋ ಅದು? ಹತ್ತೋದೇ ಅದಕ್ಕಲ್ವೇನೋ?" ಅನ್ನುತ್ತ ಎದ್ದು, ಮಂಡಿ ಹಿಡಿದುಕೊಂಡು ಒಳಗೆ ಹೋದರು.